ಹೆಬ್ಬಾತಿನ ಕೇರಿಗೆ ಒಂದು ಸಲಾಮಿ

"ಸಿಯೆನಾದಲ್ಲಿ ನಮಗೆ ಹೋಟೆಲಾ? ನಾನು ಆ ಊರಿನ ಮನೆಮಗ ಕಣೇ!" ಎಂದು ನಾನು ಎದೆ ತಟ್ಟಿಕೊಂಡೆ. ಎರಡು ಸ್ವೆಟರಿನ ಮೇಲೆ ತಟ್ಟಿಕೊಂಡಿದ್ದರಿಂದ ಸದ್ದು ಅಷ್ಟೇನೂ ಬರಲಿಲ್ಲ.

ನನ್ನ ಹೆಂಡತಿ ಇವಾನಾ ಸೂಟ್‌ಕೇಸಿಗೆ ಉಣ್ಣೆಯ ಕಾಲುಚೀಲ ತುಂಬುತ್ತಿದ್ದಳು. "ಮನೆಮಗನೋ, ಬಾಡಿಗೆಗಿದ್ದವನೋ?" ಎಂದಳು, ತಲೆಯೆತ್ತದೆ.

"ಇಸೋಲಿನಾ ಅಮ್ಮ ಫೋನಿನಲ್ಲಿ ಏನಂದರು ಗೊತ್ತಾ? 'ನೀನು ಓದುವಾಗ ಇದ್ದ ಮಹಡಿ ಕೋಣೆ ನಿಮ್ಮಿಬ್ಬರಿಗೇ, ಬಾ ಮಗನೇ' ಅಂದರು!"

ಉತ್ತರ ಇಟಲಿಯ ಮೊರ್ತಾರಾ ಪಕ್ಕದ ನಮ್ಮ ಹಳ್ಳಿಯಲ್ಲಿ ಭತ್ತ, ಮಂಜು, ಹೆಬ್ಬಾತು ಬಿಟ್ಟರೆ ಬೇರೇನೂ ಬೆಳೆಯುವುದಿಲ್ಲ. ಆ ಗದ್ದೆಯ ಕೆಸರಿನಿಂದ ಎದ್ದು ಹೋಗಿ ಪದವಿ ಪಡೆದವನು ನಮ್ಮ ವಂಶದಲ್ಲಿ ನಾನೇ ಮೊದಲು. ಓದಿದ್ದು ಸಿಯೆನಾದಲ್ಲಿ, ಕಡ್ಡಾಯ ಸೈನ್ಯಸೇವೆಯಲ್ಲಿ ಆಲೂಗಡ್ಡೆ ಸುಲಿದದ್ದು ಫ್ಲಾರೆನ್ಸ್‌ನಲ್ಲಿ, ಮೊದಲ ಕೆಲಸ ಬೊಲೊನ್ಯಾದಲ್ಲಿ. ನನ್ನನ್ನು ಮನುಷ್ಯನನ್ನಾಗಿ ಮಾಡಿದ ಈ ಊರುಗಳನ್ನು, ಪ್ರವಾಸಿಗರ ಗದ್ದಲವಿಲ್ಲದ ಜನವರಿಯಲ್ಲಿ ಹೆಂಡತಿಗೆ ತೋರಿಸಬೇಕೆಂಬುದು ನನ್ನ ಮಹಾಸಂಕಲ್ಪ.

ಹಿರಿಯರ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ನಮ್ಮಣ್ಣ ತನ್ನ ಕೈಯಾರೆ ಮಾಡಿದ ಹೆಬ್ಬಾತಿನ ಸಲಾಮಿ ತಂದುಕೊಟ್ಟ. ಹೆಬ್ಬಾತಿನ ಮಾಂಸ ಕೊಚ್ಚಿ, ಹೆಬ್ಬಾತಿನದೇ ಕತ್ತಿನ ಚರ್ಮದೊಳಗೆ ತುಂಬಿ, ಬಾಯಿ ಹೊಲಿದದ್ದು. ಹಂದಿಯ ಒಂದು ಚೂರೂ ಇಲ್ಲ. ಉದ್ದ ಒಂದು ಮೊಳ! ಸಲಾಮು ಹೊಡೆಯಲು ಇದಕ್ಕಿಂತ ದೊಡ್ಡ ಸಲಾಮಿ ಬೇಕೇ?

ಬೊಲೊನ್ಯಾ ನಿಲ್ದಾಣದಲ್ಲಿ ಮಂಜಿನಿಂದಾಗಿ ಗಂಟೆಗಟ್ಟಲೆ ರೈಲು ಬರಲೇ ಇಲ್ಲ. ಇವಾನಾಳ ಹಲ್ಲು ಕಟಕಟ ಎನ್ನುತ್ತಿತ್ತು. "ಹಸಿವಾಗ್ತಿದೆ ಮಾರಾಯ, ಒಂದೇ ಒಂದು ಚೂರು ಕೊಯ್ಯಿ."

"ಮುಟ್ಟಬೇಡ! ಅದು ಮೀಸಲು!"

ಫ್ಲಾರೆನ್ಸ್‌ನಲ್ಲಿ ಅವಳಿಗೆ ಅಲ್ಲಿಯ ಮಹಾಚರ್ಚಿನ ಭವ್ಯ ಗುಮ್ಮಟ ತೋರಿಸಿದೆ. ಅವಳು ಗುಮ್ಮಟ ನೋಡದೆ ಕೈಯಲ್ಲಿದ್ದ ಬ್ರೆಡ್ ನೋಡಿದಳು. "ಈ ಊರಿನ ಬ್ರೆಡ್ಡಿಗೆ ಉಪ್ಪೇ ಹಾಕಲ್ವಾ?"

"ಹಾಕಲ್ಲ. ಇಲ್ಲಿಯ ಪದ್ಧತಿಯೇ ಹಾಗೆ. ಸಲಾಮಿ ಜೊತೆ ತಿನ್ನಬೇಕು."

"ಹಾಗಾದ್ರೆ ತೆಗಿ ಸಲಾಮಿ."

"ಮೀಸಲು!"

ಇವಾನಾಳ ಮುಖ ಬಾತುಕೊಂಡಿತು. ಚೀಲದಲ್ಲೊಂದು ಬಾತು, ಮುಖದಲ್ಲೊಂದು ಬಾತು! ಎರಡನ್ನೂ ಹೊತ್ತು ಸಿಯೆನಾ ತಲುಪಿದೆ.

ಇಸೋಲಿನಾ ಅಮ್ಮನ ಮನೆ ಫೋಂತೆಬ್ರಾಂದಾ ಎಂಬ ಇಳಿಜಾರು ಬೀದಿಯಲ್ಲಿದೆ. ಖುಷಿಯಿಂದ ಇಳಿಯುತ್ತಿದ್ದವನು ಒಂದು ಗೋಡೆಯ ಮುಂದೆ ಗಕ್ಕನೆ ನಿಂತೆ. ಗೋಡೆಯ ಮೇಲಿನ ಚಿತ್ರದಲ್ಲಿ, ತಲೆಗೆ ಕಿರೀಟ, ಕತ್ತಿಗೆ ರಿಬ್ಬನ್ ಧರಿಸಿದ ಒಂದು ಹೆಬ್ಬಾತು ನನ್ನನ್ನೇ ನೋಡುತ್ತಿತ್ತು.

ಸಿಯೆನಾ ಎಂದರೆ ಕೇರಿಗಳ ಊರು. ಒಂದೊಂದು ಕೇರಿಯ ಬಾವುಟಕ್ಕೆ ಒಂದೊಂದು ಲಾಂಛನ: ಬಸವನಹುಳು, ಆಮೆ, ಗೂಬೆ, ಹೀಗೆ. ಬೇಸಿಗೆಯ ಕುದುರೆ ಪಂದ್ಯದಲ್ಲಿ ತಮ್ಮ ಕೇರಿ ಸೋತರೆ ಗಂಡಸರೂ ಬೀದಿಯಲ್ಲಿ ನಿಂತು ಅಳುತ್ತಾರೆ. ಇಸೋಲಿನಾ ಅಮ್ಮನದು ಹೆಬ್ಬಾತಿನ ಕೇರಿ! ಆ ಬಾವುಟದ ಕೆಳಗೇ ಓಡಾಡಿ ಪದವಿ ಪಡೆದವನಿಗೆ ಇದು ನೆನಪಾಗಲಿಲ್ಲವೇ ಎಂದು ನೀವು ಕೇಳಬಹುದು. ನನ್ನ ತಲೆಯಲ್ಲಿ ಬಾವುಟದ ಹೆಬ್ಬಾತೂ ಬಾಣಲೆಯ ಹೆಬ್ಬಾತೂ ಬೇರೆ ಬೇರೆ ಕೋಣೆಗಳಲ್ಲಿದ್ದವು. ಅಲ್ಲಿಯವರೆಗೆ ಅವು ಪರಸ್ಪರ ಭೇಟಿಯಾಗಿರಲಿಲ್ಲ.

"ಯಾಕೆ ನಿಂತೆ?" ಎಂದಳು ಇವಾನಾ.

"ನಾವು ದೇವರ ಮನೆಗೆ ದೇವರನ್ನೇ ಕೊಚ್ಚಿ ಹೊಲಿದು ತಂದಿದೀವಿ ಕಣೇ!"

ಹಿಂದೊಮ್ಮೆ ನಾನು ಎದುರಾಳಿ ಕೇರಿಯ ಅಂಗಡಿಯಿಂದ ಬ್ರೆಡ್ ತಂದದ್ದಕ್ಕೆ ಇಸೋಲಿನಾ ಅಮ್ಮ ಈಸ್ಟರ್ ಹಬ್ಬದ ತನಕ ನನಗೆ ಸೂಪ್ ನಿಲ್ಲಿಸಿದ್ದರು. ಬ್ರೆಡ್ಡಿಗೇ ಹಾಗಾದರೆ ಇದಕ್ಕೆ? ಮನೆಯಿಂದ ಹೊರದಬ್ಬಿದರೆ ಈ ಚಳಿಯಲ್ಲಿ ಗತಿಯೇನು?

"ಹಾಗಾದ್ರೆ ಇಲ್ಲೇ ತಿಂದು ಮುಗಿಸೋಣ" ಎಂದಳು ಇವಾನಾ, ಬಹಳ ಸಂತೋಷದಿಂದ.

"ಅವರ ನಡುಬೀದಿಯಲ್ಲಾ?"

ಅಷ್ಟರಲ್ಲಿ ಪಕ್ಕದಲ್ಲೇ ಇದ್ದ ಅವರ ಮನೆಯ ಬಾಗಿಲು ತೆರೆಯಿತು. ಸಲಾಮಿ ಮಿಂಚಿನ ವೇಗದಲ್ಲಿ ನನ್ನ ಕೋಟಿನೊಳಗೆ ಅಂತರ್ಧಾನವಾಯಿತು.

"ಎಲ್ವಿಯೊ! ನನ್ನ ಮಗನೇ!" ಇಸೋಲಿನಾ ಅಮ್ಮ ಬಿಗಿದಪ್ಪಿಕೊಂಡರು. "ಅಯ್ಯೋ, ಎದೆಯಲ್ಲೇನೋ ಇದು, ಇಷ್ಟು ಗಟ್ಟಿ?"

"ಬೆನ್ನುನೋವಮ್ಮ. ಪಟ್ಟಿ ಕಟ್ಟಿದೀನಿ."

"ಬೆನ್ನುನೋವಿಗೆ ಎದೆಗೆ ಪಟ್ಟಿಯಾ? ಬಾ, ಒಲೆ ಪಕ್ಕ ಕೂತ್ಕೋ."

ಒಲೆ ಧಗಧಗ ಉರಿಯುತ್ತಿತ್ತು. ನಾನು ಬೆವರತೊಡಗಿದೆ. ನನ್ನ ಜೊತೆ ಸಲಾಮಿಯೂ ಬೆವರತೊಡಗಿತು. ಕೊಬ್ಬು ಕರಗಿ ಹೊಟ್ಟೆಯ ಮೇಲೆ ಕಾಲುವೆಯಾಗಿ ಹರಿಯಿತು. ಬೆಳ್ಳುಳ್ಳಿಯ ಘಮ ಕೋಣೆ ತುಂಬಿತು.

"ಕೋಟು ಬಿಚ್ಚೋ."

"ಬೇಡಮ್ಮ, ಚಳಿ."

"ಮುಖದಲ್ಲಿ ನೀರು ಸುರೀತಿದೆ, ಚಳಿ ಅಂತಾನೆ! ಇವನಿಗೆ ಜ್ವರ ಏನಮ್ಮ?"

ಇವಾನಾ ಒಂದು ಮಾತಿನಿಂದ ನನ್ನನ್ನು ಉಳಿಸಬಹುದಿತ್ತು. ಅವಳು ನಾಟಕದ ಮೊದಲ ಸಾಲಿನಲ್ಲಿ ಕುಳಿತವಳಂತೆ ಕಾಲ ಮೇಲೆ ಕಾಲು ಹಾಕಿದಳು. "ಹೌದಮ್ಮ. ಬೊಲೊನ್ಯಾದಿಂದಲೂ ಬಡಬಡಿಸ್ತಿದಾನೆ. 'ಮೀಸಲು, ಮೀಸಲು' ಅಂತ."

"ಪಾಪ! ತಡಿ, ಕರ್ಪೂರದ ಎಣ್ಣೆ ತರ್ತೀನಿ. ಎದೆಗೆ ತಿಕ್ಕಿದ್ರೆ ಇಳಿಯುತ್ತೆ."

ನಾನು ಎದ್ದು ಓಡುವ ಮೊದಲೇ ಅವರು ಬಂದರು. ವಯಸ್ಸು ಎಂಬತ್ತು ದಾಟಿದ್ದರೂ ಪುಕ್ಕ ಕೀಳುವ ವೇಗದಲ್ಲಿ ನನ್ನ ಗುಂಡಿಗಳನ್ನು ಕಿತ್ತರು. ಸಲಾಮಿ ಧೊಪ್ಪನೆ ಮೇಜಿನ ಮೇಲೆ ಬಿತ್ತು.

ಇಸೋಲಿನಾ ಅಮ್ಮ ಎಣ್ಣೆಯ ಸೀಸೆ ಪಕ್ಕಕ್ಕಿಟ್ಟು ಬಗ್ಗಿ ನೋಡಿದರು.

"ಇದೇನೋ?"

"ಹಂದಿ!" ಎಂದು ಕೂಗಿದೆ. "ಅಪ್ಪಟ ಹಂದಿ ಅಮ್ಮ! ನಮ್ಮಣ್ಣ ಸಾಕಿದ್ದು!"

ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದರು. "ಹಂದಿಗೆ ಇಷ್ಟುದ್ದ ಕತ್ತು ಯಾವಾಗ ಬಂತು?"

"ನಮ್ಮ ಕಡೆ ಹಂದಿಗಳು... ಸ್ವಲ್ಪ ಎತ್ತರ."

ಇಸೋಲಿನಾ ಅಮ್ಮನ ಮುಖ ಬಾಡಿತು. ಸಲಾಮಿಯನ್ನು ಮೆಲ್ಲನೆ ಕೆಳಗಿಟ್ಟರು. "ಡಾಕ್ಟರು ನನಗೆ ಹಂದಿ ಮುಟ್ಟಲೇಬೇಡ ಅಂದಿದಾರೆ ಕಣೋ. ನಿಮ್ಮ ಕಡೆ ಹೆಬ್ಬಾತಿನ ಸಲಾಮಿ ಬಹಳ ಚೆನ್ನಾಗಿರುತ್ತಂತೆ. ಅದನ್ನ ತರ್ತೀಯೇನೋ ಅಂತ ಬೆಳಗ್ಗೆಯಿಂದ ಕಿಟಕೀಲಿ ಕಾಯ್ತಿದ್ದೆ."

ಇವಾನಾ ಕಾಲು ಕೆಳಗಿಳಿಸಿ ಮುಂದೆ ಬಾಗಿದಳು.

"ಅಮ್ಮಾ, ಅದು ಹೆಬ್ಬಾತೇ. ನಿಮ್ಮ ಬಾವುಟದ ಹಕ್ಕಿ ಅಂತ ಇವನಿಗೆ ಹೆದರಿಕೆ. ಅದಕ್ಕೇ ಬಚ್ಚಿಟ್ಟ, ಅದಕ್ಕೇ ಹಂದಿ ಮಾಡಿದ."

ಇಸೋಲಿನಾ ಅಮ್ಮ ನನ್ನನ್ನು ನೋಡಿದರು. ಎಣ್ಣೆ ಸೋರುವ ಹೊಟ್ಟೆ, ಗುಂಡಿಯಿಲ್ಲದ ಅಂಗಿ, ಪದವೀಧರನ ಮುಖ. ಆಮೇಲೆ ನಕ್ಕರು ನೋಡಿ, ಮೇಜು ಹಿಡಿದುಕೊಂಡು ನಕ್ಕರು! ಕಣ್ಣೊರೆಸಿಕೊಂಡು ಚಾಕು ತೆಗೆದು ದಪ್ಪನೆಯ ಹೋಳೊಂದನ್ನು ಕೊಯ್ದು ಇವಾನಾಳ ಕೈಗಿಟ್ಟರು.

"ತಿನ್ನು ಮಗಳೇ. ಬಾವುಟದ ಮೇಲಿರೋದಕ್ಕೆ ಕೈ ಮುಗೀತೀವಿ, ತಟ್ಟೆ ಮೇಲಿರೋದನ್ನ ತಿಂತೀವಿ. ನಾನು ಹುಟ್ಟಿದಾಗಿಂದ ಈ ಕೇರಿಯವರು ತಿನ್ನದೆ ಬಿಟ್ಟಿರೋ ಹೆಬ್ಬಾತು ಒಂದೇ ಒಂದು. ಅದನ್ನ ನೀನು ಕಟ್ಕೊಂಡಿದೀಯ!"