ಅಮಾವಾಸ್ಯೆಯ ಲಿಂಬೆಹಣ್ಣು

ಕೆಲವರ ಹೆಂಡತಿಯರು ಕಾಲೇಜಿನ ಕೆಲಸವನ್ನು ಮನೆಗೆ ತರುತ್ತಾರೆ. ನನ್ನ ಹೆಂಡತಿ ಮನೆಯನ್ನೇ ಕಾಲೇಜಿನ ಕೆಲಸಕ್ಕೆ ಒಯ್ಯುತ್ತಾಳೆ. ಸಾವಿತ್ರಿ ಅಣ್ಣಿಗೇರಿಯಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕಿ. ಹಳ್ಳಿಯಿಂದ ಬರುವ ಹುಡುಗಿಯರು ಆ ವಿಷಯದ ಹೆಸರು ಕೇಳಿಯೇ ಕಲಾ ವಿಭಾಗಕ್ಕೆ ಓಡುತ್ತಾರೆಂಬ ಸಂಕಟಕ್ಕೆ ಬಿಡುವಾದ ಶನಿವಾರಗಳಲ್ಲಿ ಸುತ್ತಲಿನ ಹೈಸ್ಕೂಲುಗಳಿಗೆ ಹೋಗಿ ಮಕ್ಕಳ ಕೈಯಿಂದಲೇ ಪ್ರಯೋಗ ಮಾಡಿಸುತ್ತಾಳೆ. ಸಾಮಾನೆಲ್ಲ ನಮ್ಮ ಅಡುಗೆಮನೆಯದು. ಸೋಡಾಪುಡಿ ಬಲೂನು ಉಬ್ಬಿಸಲು ಹೋಗಿ ನಮ್ಮ ಮನೆಯ ಭಜಿಗಳು ಉಬ್ಬುವುದನ್ನೇ ಮರೆತಿವೆ. ಚಹಾ ಸೋಸುವ ಜಾಳಿಗೆ ಯಾವ ಊರಿನ ಶಾಲೆಯಲ್ಲಿದೆಯೋ ಗೊತ್ತಿಲ್ಲ. ಕನ್ನಡ ಮಾಸ್ತರನಾದ ನನಗೆ ಈ ಯಾತ್ರೆಗಳಲ್ಲಿ ಒಂದೇ ಹುದ್ದೆ, ಚೀಲ ಹೊರುವುದು.

ಮೊನ್ನೆ ಶಲವಡಿಯ ಆಚೆಯ ಒಂದು ಹಳ್ಳಿಗೆ ಹೋಗಿದ್ದೆವು. ಸಾವಿತ್ರಿ ಒಳಗೆ ಮಕ್ಕಳೊಡನೆ ಮಾತಾಡುತ್ತಿದ್ದಳು. ಗುಂಪಿಗೊಂದರಂತೆ ಸಾಮಾನು ಹೊಂದಿಸಿಡಲು ನನಗೆ ಹೇಳಿದ್ದಳು. ಬರೀ ಇಟ್ಟರೆ ಏನು ಚೆಂದ ಎಂದು ನಾನು ಪಡಸಾಲೆಯ ತುಂಬ ಸೀಮೆಸುಣ್ಣದಿಂದ ದುಂಡನೆಯ ಮಂಡಲಗಳನ್ನು ಬರೆದೆ. ಪ್ರತಿಯೊಂದರ ನಡುವೆ ಒಂದು ಲಿಂಬೆಹಣ್ಣು, ಬಲಕ್ಕೆ ಚಿಟಿಕೆ ಅರಿಶಿನ, ಎಡಕ್ಕೆ ಎಲೆಯ ಮೇಲೆ ಸುಣ್ಣ. ದೂರ ನಿಂತು ನೋಡಿ ನನಗೆ ನಾನೇ ಶಭಾಷ್ ಅಂದುಕೊಂಡೆ. ಅಂದು ಶನಿವಾರ ಮಾತ್ರವಲ್ಲ, ಅಮಾವಾಸ್ಯೆ ಕೂಡ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಗಂಗವ್ವನಿಗೆ. ಒಂಬತ್ತನೇ ತರಗತಿಯ ರೇಣುಕಾಳ ಅಜ್ಜಿ ಆಕೆ. ಮೊಮ್ಮಗಳಿಗೆ ಬುತ್ತಿ ಕೊಡಲು ಬಂದವಳು ಮಂಡಲ ಕಂಡು ಮೆಟ್ಟಿಲ ಮೇಲೆಯೇ ನಿಂತಳು. ಗೇಟಿನಲ್ಲಿ ಇನ್ನೂ ನಾಲ್ಕಾರು ಹೆಂಗಸರು ಸೇರಿದರು. ಮುಖ್ಯಾಧ್ಯಾಪಕರ ಮುಖ ಬಿಳಿಚಿತು. ಗದ್ದಲ ಕೇಳಿ ಸಾವಿತ್ರಿಯೂ ಮಕ್ಕಳೂ ಪಡಸಾಲೆಗೆ ಬಂದರು.

“ಅಕ್ಕಾರ, ಅಮಾಸಿ ದಿನ ಸಾಲ್ಯಾಗ ಲಿಂಬಿಹಣ್ಣ ಇಟ್ಟೀರಿ. ನಮ್ಮ ಹುಡುಗಿ ಇನ್ನ ಸಾಲಿಗೆ ಬರಂಗಿಲ್ಲ” ಎಂದು ಗಂಗವ್ವ ರೇಣುಕಾಳ ಕೈ ಹಿಡಿದಳು. ರೇಣುಕಾಳ ಕಣ್ಣಲ್ಲಿ ನೀರು ತುಂಬಿತು. ನಾನು ಕಂಬದ ಹಿಂದೆ ಸರಿದೆ. ಮೂಢನಂಬಿಕೆಯ ಬಗ್ಗೆ ಸಾವಿತ್ರಿ ಭಾಷಣ ಮಾಡಿದರೆ ಕೆಲಸ ಕೆಟ್ಟಿತೆಂದೇ ನನ್ನ ಲೆಕ್ಕ. ಆಕೆ ಭಾಷಣ ಮಾಡಲಿಲ್ಲ.

“ಕರಕೊಂಡ ಹೋಗ್ರಿ ಯವ್ವಾ. ಹೋಗೂಕಿಂತ ಮೊದಲ ಆರತಿಗೆ ಕೆಂಪ ನೀರ ಹೆಂಗ ಕಲಸ್ತಾರ ಅಂತ ಈ ಹುಡುಗ್ರಿಗೆ ತೋರಿಸ್ರಿ.”

ಮದುವೆ, ಬಸುರಿಯರ ಕುಬಸವೆಂದು ಊರಿನ ಅರ್ಧ ಜನಕ್ಕೆ ಆರತಿ ಎತ್ತಿದ ಕೈ ಅದು, ಹೇಗೆ ಸುಮ್ಮನಿದ್ದೀತು? ಗಂಗವ್ವ ಸೆರಗು ಸಿಕ್ಕಿಸಿ ಕೂತಳು. ಅರಿಶಿನದ ನೀರಿಗೆ ಸುಣ್ಣ ಬಿದ್ದದ್ದೇ ತಡ, ಬಟ್ಟಲು ಕೆಂಪಾಯಿತು. ಇದರಲ್ಲೇನು ದೊಡ್ಡಸ್ತಿಕೆ ಎಂಬಂತೆ ಸಾವಿತ್ರಿಯನ್ನು ನೋಡಿದಳು. ಸಾವಿತ್ರಿ ಹೋಳು ಲಿಂಬೆಯನ್ನು ರೇಣುಕಾಳ ಕೈಗಿತ್ತಳು. ಹುಡುಗಿ ಅಜ್ಜಿಯ ಮುಖ ನೋಡುತ್ತಲೇ ಹಿಂಡಿದಳು. ಕೆಂಪು ಕರಗಿ ನೀರು ಮತ್ತೆ ಹಳದಿಯಾಯಿತು.

“ಕೆಂಪ ಎಲ್ಲಿ ಹೋತ?” ಎಂದಳು ಗಂಗವ್ವ, ಮೆಲ್ಲಗೆ.

“ಎಲ್ಲೂ ಹೋಗಿಲ್ಲಬೇ ಆಯಿ. ಹುಳಿಗೆ ಹಳದಿ, ಸುಣ್ಣಕ್ಕ ಕೆಂಪ. ಮತ್ತ ಸುಣ್ಣ ಹಾಕಿ ನೋಡು” ಎಂದು ರೇಣುಕಾ ಈಗಷ್ಟೇ ಒಳಗೆ ಕಲಿತದ್ದನ್ನು ಒಪ್ಪಿಸಿದಳು.

ಗಂಗವ್ವ ಹಾಕಿದಳು. ಕೆಂಪು ಬಂತು. ಲಿಂಬೆ ಹಿಂಡಿದಳು, ಹೋಯಿತು. ಅಷ್ಟರಲ್ಲಿ ಗೇಟಿನ ಹೆಂಗಸರೂ ಒಳಬಂದು ಒಂದೊಂದು ಮಂಡಲ ಹಿಡಿದು ಕೂತಿದ್ದರು; ಮಕ್ಕಳು ಅವರಿಗೆ ಪಾಠ ಹೇಳುತ್ತಿದ್ದರು. “ಇಷ್ಟ ವರ್ಷ ಕಲಸೀನಿ, ಹಿಂಗ್ಯಾಕ ಅಂತ ಒಮ್ಮೆರ ಕೇಳಲಿಲ್ಲ ನೋಡವಾ” ಎಂದು ಗಂಗವ್ವ ಕರೆದೊಯ್ಯುವ ಮಾತು ಬಿಟ್ಟು ಮೊಮ್ಮಗಳ ತಲೆ ಸವರಿದಳು. ಮುಂದಿನ ಸಲಕ್ಕೆ ಲಿಂಬೆಹಣ್ಣು ತಮ್ಮ ಹೊಲದಿಂದಲೇ ಎಂದೂ ಹೇಳಿಹೋದಳು. ಇಷ್ಟು ವರ್ಷ ಸಂಸಾರ ಮಾಡಿದರೂ ನನ್ನ ಹೆಂಡತಿ ಎಂಥ ಮಾಸ್ತರಿಣಿ ಎಂದು ನನಗೆ ಗೊತ್ತಾದದ್ದು ಆಗಲೇ. ಕಂಬದ ಹಿಂದಿನಿಂದ ಈಚೆ ಬಂದೆ.

ಸಂಜೆ ರೇಣುಕಾ ಬಸ್ಸಿನವರೆಗೆ ಕಳಿಸಲು ಬಂದಳು. ನಾನು ದಾರಿಯುದ್ದಕ್ಕೂ ಜನರ ಮೂಢನಂಬಿಕೆಯ ಬಗ್ಗೆ ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದೆ. ಮೂರು ದಾರಿ ಕೂಡುವಲ್ಲಿ ಯಾರೋ ಕುಂಕುಮ ಹಚ್ಚಿದ ಲಿಂಬೆಹಣ್ಣು ಇಟ್ಟಿದ್ದರು. ನನ್ನ ಮಾತು ನಿಲ್ಲಲಿಲ್ಲ, ಕಾಲುಗಳು ಮಾತ್ರ ತಾವಾಗಿಯೇ ಬಾಜುವಿನ ಜಾಲಿಮುಳ್ಳಿನೊಳಗೆ ಸುತ್ತು ಹಾಕಿದವು. ರೇಣುಕಾ ಬಗ್ಗಿ ಹಣ್ಣನ್ನು ಎತ್ತಿಕೊಂಡು ಲಂಗಕ್ಕೆ ಒರೆಸಿದಳು.

“ಅಕ್ಕಾರ, ರಸ ಅಗದಿ ಛಲೋ ಐತ್ರಿ. ಪ್ರಯೋಗಕ್ಕ ಆಗ್ತೈತಿ.”

ಸಾವಿತ್ರಿ ಅದನ್ನು ಚೀಲಕ್ಕೆ ಹಾಕಿ, ಮುಳ್ಳು ಕೀಳುತ್ತಿದ್ದ ನನ್ನ ಕೈಗೆ ಚೀಲ ಕೊಟ್ಟಳು. ಯಾವಾಗಲೂ ಆ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಊರು ಸೇರುವವನು ನಾನು. ಅಂದು ಬಸ್ಸಿನಲ್ಲಿ ಜಾಗ ಸಾಲದೆಂದು ಹೇಳಿ ಕೆಳಗಿಟ್ಟೆ, ಅದೂ ಆಕೆಯ ಕಾಲ ಹತ್ತಿರ.