ಬಂಡೆಯಾಗಿ ಕೂತ ಅಂಚೆ ಮಾಸ್ತರರು

ಈ ಸಲ ಹಕ್ಕಿಯನ್ನು ತಾವು ಹುಡುಕಿಕೊಂಡು ಹೋಗುವುದಿಲ್ಲ, ಹಕ್ಕಿಯೇ ತಮ್ಮನ್ನು ಹುಡುಕಿಕೊಂಡು ಬರಬೇಕು ಎಂದು ಅಂಚೆ ಮಾಸ್ತರರು ಶಪಥ ಮಾಡಿಬಿಟ್ಟರು!

"ನನಗೂ ಬಂಡೆಗೂ ವ್ಯತ್ಯಾಸ ಗೊತ್ತಾಗಬಾರದು, ಹಾಗೆ ಕೂರ್ತೀನಿ ನೋಡು."

"ಮನೇಲಿ ಕೆಲಸ ಹೇಳಿದಾಗಲೂ ಹಾಗೇ ಕೂರ್ತೀರಿ," ಎಂದರು ಹೆಂಡತಿ, ಬುತ್ತಿ ಕಟ್ಟುತ್ತಾ.

ಪಾಪ, ಮಾಸ್ತರರ ಸಂಕಟ ಸಣ್ಣದಲ್ಲ. ವರ್ಷಕ್ಕೊಮ್ಮೆ ದೂರದೇಶದಿಂದ ಬಂದು, ಕಡಲತೀರದ ಕಲ್ಲುಗಳನ್ನು ಕೊಕ್ಕಿನಿಂದ ಮಗುಚಿ ಹುಳ ಹೆಕ್ಕುವ ಪುಟ್ಟ ಹಕ್ಕಿಯೊಂದನ್ನು ಪಕ್ಷಿಸಂಘದವರೆಲ್ಲ ನೋಡಿಯಾಗಿತ್ತು. ಸಂಘದ ದಾಖಲೆ ಬರೆಯುವ ಮಾಸ್ತರರು ಮಾತ್ರ ಒಂಬತ್ತು ವರ್ಷದಿಂದ ನೋಡಿರಲಿಲ್ಲ. ಕಣ್ಣಾರೆ ಕಂಡವರ ಹೆಸರಷ್ಟೇ ಪುಸ್ತಕಕ್ಕೆ, ಹಕ್ಕಿ ಹತ್ತಿರವಿದ್ದಾಗ ಯಾರೂ ಮಿಸುಕಕೂಡದು ಎಂಬ ಎರಡು ಕಾನೂನೂ ಅವರವೇ. ಹೋದ ವರ್ಷ ಗಿಡುಗ ಹಾರುವಾಗ ಚಪ್ಪಲಿ ಸರಿಮಾಡಿಕೊಳ್ಳುತ್ತಿದ್ದ ಹೆಂಡತಿಯ ಹೆಸರನ್ನೂ ಅವರು ಬರೆದಿರಲಿಲ್ಲ.

ಮಾಸ್ತರರು ದೊಡ್ಡ ಟೋಪಿ ಹಾಕಿಕೊಂಡು ಕಡಲಂಚಿನ ಬಂಡೆಯ ತುದಿಯಲ್ಲಿ ಕೂತರು. ಒಂದು ಗಂಟೆಯಾಯಿತು, ಎರಡಾಯಿತು. ಉಬ್ಬರವೇರಿ ಸುತ್ತಲಿನ ಕಲ್ಲುಗಳೆಲ್ಲ ಮುಳುಗಿದವು. ಬೂಟಿನೊಳಗೆ ನೀರು ಹೊಕ್ಕಿತು, ಕಾಲು ಜೋಮು ಹಿಡಿಯಿತು. ಮಾಸ್ತರರು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಆಗ ಟೋಪಿಯ ಮೇಲೆ ಏನೋ ಬಂದು ಕೂತಂತಾಯಿತು. ದಡದಲ್ಲಿದ್ದ ಸಂಘದವರ ದುರ್ಬೀನುಗಳೆಲ್ಲ ಒಟ್ಟಿಗೇ ಅವರತ್ತ ತಿರುಗಿದವು. ಅದೇ ಬಂಡೆಯ ಮೇಲೆ ಹಿಂದೆ ಕೂತಿದ್ದ ಹೆಂಡತಿ ಪಿಸುಗುಟ್ಟಿದರು:

"ರೀ, ಮಿಸುಕಬೇಡಿ. ಅದೇ ಹಕ್ಕಿ. ನಿಮ್ಮ ತಲೆ ಮೇಲಿದೆ."

ಮಾಸ್ತರರು ಕಣ್ಣುಗುಡ್ಡೆ ಮೇಲೇರಿಸಿದರು. ಕಂಡದ್ದು ಟೋಪಿಯ ಅಂಚು! ತಲೆ ಎತ್ತಿದರೆ ಹಕ್ಕಿ ಹಾರುತ್ತದೆ, ಕಾನೂನು ಮುರಿಯುತ್ತದೆ. ಹಕ್ಕಿಯೋ, ಇದೂ ಒಂದು ಕಲ್ಲೇ ಎಂದುಕೊಂಡು ಟೋಪಿಯ ಪಟ್ಟಿಯನ್ನು ಮಗುಚಿ ಮಗುಚಿ ಹುಳ ಹುಡುಕುತ್ತಿತ್ತು. ಒಂಬತ್ತು ವರ್ಷದ ಆಸೆ ನೆತ್ತಿಯ ಮೇಲೆ ಕೂತಿದೆ, ನೋಡುವಂತಿಲ್ಲ. ಅವರಿಗೆ ಅಳುವೇ ಬಂತು. ಹತ್ತು ನಿಮಿಷ ಕಳೆದು ಅದು ಹಿಂದಕ್ಕೆ ಹಾರಿತು. ಹಿಡಿದುಕೊಂಡಿದ್ದ ಕತ್ತನ್ನು ಮಾಸ್ತರರು ತಿರುಗಿಸುವಷ್ಟರಲ್ಲಿ ಬರಿಯ ಆಕಾಶ ಉಳಿದಿತ್ತು.

ಬುತ್ತಿ ಬಿಚ್ಚುವ ಹೊತ್ತಿಗೆ, ಕಂಡ ಹದಿನಾಲ್ಕು ಜನರ ಹೆಸರನ್ನು ತಮ್ಮ ಕೈಯಾರೆ ಬರೆದರು. ನಿಮ್ಮದೂ ಸೇರಿಸಿ, ಯಾರು ಬೇಡ ಅಂತಾರೆ ಎಂದು ಎಲ್ಲರೂ ಒತ್ತಾಯಿಸಿದರು. ಮಾಸ್ತರರು ಆಗದು ಎಂದು ತಲೆಯಾಡಿಸಿದರು.

ಅವರ ಕಾಲುಚೀಲ ಹಿಂಡುತ್ತಿದ್ದ ಹೆಂಡತಿ ಪುಸ್ತಕದೊಳಗೆ ಇಣುಕಿದರು.

"ನಿಮ್ಮ ಹೆಸರಿಗೆ ಜಾಗ ಇದೆಯಲ್ರೀ, ಖಾಲಿ ಬಿಟ್ಟಿದ್ದೀರಿ," ಎಂದು ಕೊನೆಯ ಕಾಲಂ ತೋರಿಸಿದರು.

'ಹಕ್ಕಿ ಕೂತಿದ್ದ ಸ್ಥಳ'. ಒಂಬತ್ತು ವರ್ಷದಿಂದ ಅಲ್ಲಿ ಉದ್ದಕ್ಕೂ 'ಬಂಡೆ', 'ಬಂಡೆ' ಎಂದಿತ್ತು. ಮಾಸ್ತರರು ಕನ್ನಡಕ ಒರೆಸಿಕೊಂಡರು. ಕಾನೂನು ಎಲ್ಲೂ ಮುರಿಯುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ತಮ್ಮ ಪೂರ್ತಿ ಹೆಸರನ್ನು ಹುದ್ದೆ ಸಮೇತ ದುಂಡಗೆ ಬರೆದರು.