ನಮ್ಮನೆ ಹಾಲ್‌ನಲ್ಲೊಂದು ಹಾಲ್ ಆಫ್ ಫೇಮ್

ನಮ್ಮ ಮಾವನವರಷ್ಟು ಫುಟ್‌ಬಾಲನ್ನ ಪ್ರೀತಿಸೋರು ನಮ್ಮೂರು ಕೋಗಿಲಿನಲ್ಲಿ ಇನ್ನೊಬ್ಬರಿಲ್ಲ. ಫುಟ್‌ಬಾಲ್ ಆಡಿದವರನ್ನ ಅವರಷ್ಟು ಗೋಳು ಹೊಯ್ಕೊಂಡೋರೂ ಇಲ್ಲ! ಮಾವ ಅಂದ್ರೆ ನನ್ನ ಗಂಡನ ಅಪ್ಪ, ಒಂದು ಕಾಲದಲ್ಲಿ ಊರಿನ ಟೀಮಿನ ಗೋಲ್‌ಕೀಪರ್. ಆಗ ಚೆಂಡನ್ನ ಒಳಗೆ ಬಿಡ್ತಿದ್ರೋ ಇಲ್ವೋ ನಾನು ಕಂಡಿಲ್ಲ, ಈಗಂತೂ ಯಾರನ್ನೂ ಬಿಡಲ್ಲ.

ಐದು ವರ್ಷದ ಹಿಂದೆ ಟೀವಿಯಲ್ಲಿ ಯಾವುದೋ ದೇಶದವರು ಹೆಸರಾಂತ ಆಟಗಾರರ ಫೋಟೋ ಹಾಕಿರೋ ‘ಹಾಲ್ ಆಫ್ ಫೇಮ್’ ನೋಡಿದ್ದೇ ತಡ, ನಮ್ಮೂರ ಆಟಗಾರರಿಗೂ ಅಂಥದ್ದೊಂದು ಆಗ್ಲೇಬೇಕು ಅಂತ ಹಟ ಹಿಡಿದ್ರು. ‘ಹ’ ಅನ್ನೋ ಅಕ್ಷರ ಅವರ ನಾಲಿಗೆಗೆ ಹತ್ತಲ್ಲ.

“ಆಲ್ ಆಫ್ ಫೇಮ್ ಮಾಡ್ಬೇಕು ಕಣಮ್ಮ.”

“ಎಲ್ಲಿ ಮಾವ?”

ನನ್ನ ತಲೆ ಸರಿಯಿದೆಯಾ ಅನ್ನೋ ಥರ ನೋಡಿದ್ರು. “ಆಲ್‌ನಲ್ಲೇ! ಇನ್ನೇನು ಅಡುಗೆಮನೇಲಿ ಮಾಡ್ತಾರಾ?”

ನಮ್ಮನೆ ಹಾಲ್! ಟೀವಿ ಮೇಲಿನ ಗೋಡೆ! ಸಂಜೆಯೊಳಗೆ ನನ್ನ ಮದುವೆ ಫೋಟೋ ಬಾತ್‌ರೂಮಿನ ಪಕ್ಕಕ್ಕೆ ಹೋಯ್ತು. ಅವತ್ತಿಂದ ನಾನೂ ನನ್ನ ಗಂಡನೂ ಹಾರ ಹಾಕ್ಕೊಂಡು, ಬಕೆಟ್ ಹಿಡಿದು ಹೋಗೋರನ್ನೇ ನೋಡಿ ನಗ್ತಾ ಇದ್ದೀವಿ.

ಇದಕ್ಕೊಂದು ಆಯ್ಕೆ ಸಮಿತಿ ಬೇರೆ! ಅಧ್ಯಕ್ಷರು ಮಾವ. ಅಕ್ಷರ ದುಂಡಗಿದೆ ಅನ್ನೋ ಒಂದೇ ತಪ್ಪಿಗೆ ನಾನು ಕಾರ್ಯದರ್ಶಿ. ಅತ್ತೆ ಸದಸ್ಯೆ, ಒಗ್ಗರಣೆ ಹಾಕ್ತಾ ಒಳಗಿಂದಲೇ ಮತವನ್ನೂ ಹಾಕ್ತಾರೆ. ನಿಯಮ ಎರಡೇ: ಇಬ್ಬರು ಸೇರಿ ಹೆಸರು ಸೂಚಿಸಬೇಕು, ಆಟಗಾರ ಆಟ ಬಿಟ್ಟಿರಬೇಕು. ಸುಲಭ ಅನ್ಸುತ್ತಲ್ವಾ? ನನಗೂ ಹಾಗೇ ಅನ್ನಿಸಿತ್ತು, ನನ್ನ ಕರ್ಮ!

ಮೊದಲು ಬಂದಿದ್ದು ರಿಟೈರ್ಡ್ ಮೇಷ್ಟ್ರ ಅರ್ಜಿ, ಸ್ವೀಟ್ ಬಾಕ್ಸ್ ಸಮೇತ. ಮಾವ ಹೆಸರು ಓದಿದ್ದೇ ಉರಿದುಬಿದ್ರು. “ಸೇಮ್‌ಸೈಡ್ ಗೋಲ್ ಒಡ್ದೋನು ಇವ್ನು! ನಾನ್ ನಿಂತಿದ್ದ ಗೋಲ್‌ಗೇ ಒಡ್ದ!”

“ಎಷ್ಟೋ ವರ್ಷ ಆಯ್ತಲ್ಲ ಮಾವ, ಬಿಟ್ಟಾಕಿ.”

“ಗೋಲ್‌ಗೆ ವಯಸ್ಸಾಗುತ್ತೇನಮ್ಮ?”

ಆ ಸಲ ಸ್ವೀಟ್ ಬಾಕ್ಸ್ ಮಾತ್ರ ಅವಿರೋಧವಾಗಿ ಆಯ್ಕೆಯಾಯ್ತು.

ಎರಡನೇದು ಅತ್ತೆಯ ಸ್ವಂತ ತಮ್ಮನದು. ಅವರು ಸೆಮಿಫೈನಲ್ ದಿನವೇ ತಾಳಿ ಕಟ್ಟಿದ್ರಂತೆ. “ಮೂರ್ತ ಇನ್ನೊಂದು ಸಿಗ್ತಿತ್ತು, ಸೆಮಿಫೈನಲ್ ಸಿಗ್ತಿತ್ತಾ?” ಅಂದ್ರು ಅಧ್ಯಕ್ಷರು. ಅತ್ತೆ ಸೌಟು ಹಿಡಿದೇ ಹೊರಗೆ ಬಂದ್ರು. ಎರಡು ದಿನ ಅಧ್ಯಕ್ಷರೊಬ್ಬರ ಸಾರಿಗೆ ಮಾತ್ರ ಉಪ್ಪಿರಲಿಲ್ಲ.

ಹೀಗೇ ಐದು ವರ್ಷ! ಈಗ ಗೋಡೆ ಮೇಲೆ ಎರಡು ಫೋಟೋ, ಹತ್ತು ಖಾಲಿ ಮೊಳೆ. ಬಂದ ನೆಂಟರಿಗೆ ನಾನು ಏನಂತ ಹೇಳಲಿ?

ಇದನ್ನೆಲ್ಲ ಹೇಗೋ ಸಹಿಸ್ಕೊಂಡೆ. ನನಗೆ ನಿಜಕ್ಕೂ ಹೊಟ್ಟೆ ಉರಿದಿದ್ದು ಒಬ್ಬರ ವಿಷಯಕ್ಕೆ. ನಮ್ಮೂರ ಟೀಮಿನಲ್ಲಿ ಎಡಗಾಲಲ್ಲೇ ಆಡ್ತಿದ್ದ ಲೆಫ್ಟ್ ವಿಂಗರ್, ಈಗ ಅಮೃತಹಳ್ಳಿಯಲ್ಲಿರೋ ಮಾವನ ಜೀವದ ಗೆಳೆಯ. ಅರ್ಜಿ ತಿರಸ್ಕಾರ ಆದವರೂ ಸೇರಿ ಎಲ್ಲರೂ ಮೊದಲು ಹೇಳೋ ಹೆಸರು ಅವರದೇ. ಲಕ್ವ ಹೊಡೆದು ನಾಲ್ಕು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ, ಮಾತೂ ನಿಂತುಹೋಗಿದೆ. ಅವರ ಮಗಳು ಪ್ರತಿ ವರ್ಷ ಅರ್ಜಿ ತರ್ತಾಳೆ, ಮಾವ ಪ್ರತಿ ವರ್ಷ ಅದೇ ರಾಗ ಹಾಡ್ತಾರೆ: “ಆಗಲ್ಲಮ್ಮ. ಅವ್ನಿನ್ನೂ ಆಟ ಬಿಟ್ಟಿಲ್ಲ.”

ಮೊದಲ ವರ್ಷ ನಗು ಬಂತು. ಆಮೇಲೆ ನಾಚಿಕೆಯಾಯ್ತು. ಈ ವರ್ಷ ಆ ಹುಡುಗಿ ಅಡುಗೆಮನೆಗೆ ಬಂದು ನನ್ನ ಕೈ ಹಿಡ್ಕೊಂಡು ಅತ್ತೇಬಿಟ್ಲು. “ಅಕ್ಕಾ, ಇನ್ನು ಜಾಸ್ತಿ ದಿನ ಇಲ್ಲ ಅಂದಿದ್ದಾರೆ ಡಾಕ್ಟ್ರು. ಈ ಗೋಡೆ ಮೇಲೆ ಅಪ್ಪನ ಫೋಟೋ ಹಾಕಿದ್ರೆ ಮೊಬೈಲಲ್ಲಾದ್ರೂ ತೋರಿಸ್ತೀನಿ. ಇದ್ದಾಗಲೇ ನೋಡ್ಲಿ ಅಕ್ಕಾ.”

ಅವತ್ತು ಜೀವನದಲ್ಲಿ ಮೊದಲ ಸಲ ಮಾವನ ಮೇಲೆ ಕೂಗಾಡಿದೆ. “ಎದ್ದು ಕೂರೋಕಾಗದವರು ಆಟ ಬಿಟ್ಟಿಲ್ವಾ? ಕರುಳು ಅನ್ನೋದೇ ಇಲ್ವಾ ನಿಮಗೆ?”

ಭಾನುವಾರ ಬೆಳಿಗ್ಗೆ ಮಾವ ಚೀಲ ಹಿಡಿದು ಬಂದು, “ಅರ್ಜಿ ತಗೊಂಡು ನಡಿ ನನ್ ಜೊತೆ,” ಅಂದ್ರು. ಭಾನುವಾರ ಮೈದಾನಕ್ಕೆ ಹೋಗ್ತಾರೆ ಅಂತಲೇ ನಾವೆಲ್ಲ ತಿಳ್ಕೊಂಡಿದ್ದು. ಆಟೋ ನಿಂತಿದ್ದು ಅಮೃತಹಳ್ಳಿಯಲ್ಲಿ, ಆ ಗೆಳೆಯನ ಮನೆ ಮುಂದೆ.

ಮಾವ ಚೀಲದಿಂದ ಫುಟ್‌ಬಾಲ್ ತೆಗೆದು ಮಂಚದ ಮೇಲೆ ಗೆಳೆಯನ ಎಡಗಾಲ ಹತ್ರ ಇಟ್ರು. “ಕೊಡೋ ಪಾಸು!”

ಮಗಳು ನನ್ನ ಕಿವಿಯಲ್ಲಿ ಹೇಳಿದ್ಲು. “ನಾಲ್ಕು ವರ್ಷದಿಂದ ಪ್ರತಿ ಭಾನುವಾರ ಹಿಂಗೇ ಅಕ್ಕಾ. ಅಪ್ಪ ಬೆರಳಲ್ಲಿ ಒಂಚೂರು ತಳ್ತಿದ್ರು, ಮಾಮ ಬೀದಿಗೆಲ್ಲ ಕೇಳೋ ಹಂಗೆ ಗೋಲ್ ಅಂತ ಕೂಗೋರು. ಈಗ ಮೂರು ವಾರದಿಂದ ಕಾಲು ಅಲ್ಲಾಡ್ತಾನೇ ಇಲ್ಲ.”

“ಆತುರ ಇಲ್ಲ ಕಣೋ, ನಿಧಾನಕ್ಕೆ ಕೊಡು,” ಅಂದ್ರು ಮಾವ. ಗೆಳೆಯನ ಕಣ್ಣು ಮಾವನ ಮೇಲೇ ಇತ್ತು. ಕಾಲು ಮಾತ್ರ ಕದಲಲಿಲ್ಲ. ಮಾವ ಎಷ್ಟೋ ಹೊತ್ತು ಕಾದರು.

ಕೊನೆಗೆ ನನ್ನ ಕಡೆ ಕೈ ಚಾಚಿದ್ರು. ಅರ್ಜಿ ಕೊಟ್ಟೆ. ‘ಆಟ ಬಿಟ್ಟ ತಾರೀಕು’ ಅನ್ನೋ ಕಡೆ ಆ ಭಾನುವಾರದ ತಾರೀಕನ್ನೇ ಬರೆದು ಸಹಿ ಹಾಕಿದ್ರು. ಆಮೇಲೆ ಗೆಳೆಯನ ಎದೆ ಮೇಲೆ ತಲೆಯಿಟ್ಟು, “ತಪ್ಪು ತಿಳ್ಕೋಬ್ಯಾಡ ಕಣೋ ಮಗಾ, ನಾನಾಗಿ ನಿನ್ ಆಟ ಬಿಡಿಸ್ಲಿಲ್ಲ,” ಅಂತ ಬಿಕ್ಕಿ ಬಿಕ್ಕಿ ಅತ್ತರು. ಕರುಳಿಲ್ವಾ ಅಂತ ಕೇಳಿದ್ದು ಇವರನ್ನೇ ಅಂತ ನೆನೆದು ನನ್ನ ಬಾಯಿಗೆ ಬೆಂಕಿ ಹಾಕ್ಕೋಬೇಕು ಅನ್ನಿಸ್ತು.

ಹೊರಡೋವಾಗ ಅವರು ಚೆಂಡನ್ನ ಮತ್ತೆ ಚೀಲಕ್ಕೆ ಹಾಕೋಕೆ ಹೋದ್ರು.

“ಬೇಡ ಮಾವ,” ಅಂದೆ. “ಅವರ ಕಾಲ ಹತ್ರನೇ ಇರ್ಲಿ.”